ಸಂಸದರು ದತ್ತು ತೆಗೆದುಕೊಂಡ ಊರು

ಸೀಗೆಕುಂಟೆ, ಮಾಕಳಿದುರ್ಗದ ಹತ್ತಿರ
ದೊಡ್ಡಬಳ್ಳಾಪುರ ತಾಲ್ಲೂಕು
೧೧ ಸೆಪ್ಟೆಂಬರ್ ೨೦೨೫

ಚಿರಂಜೀವಿ ನವೀನನಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನಾನು ಕ್ಷೇಮ. ನೀನು ದೆಹಲಿಯಲ್ಲಿದ್ದೀಯೋ ಬೆಂಗಳೂರಿನಲ್ಲಿದ್ದೀಯೋ ತಿಳಿಯದು. ಅಧಿವೇಶನ ಮುಗಿದಿದೆ ಎಂದು ಪೇಪರಿನಲ್ಲಿ ಓದಿದೆ, ಅದಕ್ಕೆ ಬೆಂಗಳೂರಿನ ಮನೆಗೇ ಹಾಕುತ್ತಿದ್ದೇನೆ. ಲಕೋಟೆಯ ಮೇಲೆ ‘ಪರ್ಸನಲ್’ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೇನೆ. ಫೋನ್ ಮಾಡಿದರೆ ನಿನ್ನ ಪಿ.ಎ. ಆನಂದ್ ಎತ್ತುತ್ತಾನೆ. ಒಳ್ಳೆಯ ಹುಡುಗ, ಊಟ ಆಯ್ತಾ ಸಾರ್ ಎಂದು ಮರೆಯದೆ ಕೇಳುತ್ತಾನೆ. ಆದರೆ ಇದು ಅವನ ಕಿವಿಗೆ ಹಾಕುವ ಮಾತಲ್ಲ. ಅವನಿಗೆ ಕೊಡಬೇಕಿದ್ದ ಉತ್ತರವನ್ನು ತಡಮಾಡಿ ನಿನಗೇ ಕೊಡುತ್ತಿದ್ದೇನೆ. ಕೈಂಡ್ಲಿ ಎಕ್ಸ್‌ಕ್ಯೂಸ್.

ಇಲ್ಲಿ ಸೋನೆ ಹಿಡಿದಿದೆ. ರಾಗಿ ಚೆನ್ನಾಗಿದೆ. ಸೀಮೆಹಸು ಮಾರಿಬಿಟ್ಟೆ, ಮಂಡಿ ಬಗ್ಗುವುದಿಲ್ಲ. ಇಪ್ಪತ್ತೆಂಟು ವರ್ಷ ಡೇರಿ ಕಾರ್ಯದರ್ಶಿಯಾಗಿದ್ದವನ ಮನೆಗೆ ಈಗ ಪ್ಯಾಕೆಟ್ ಹಾಲು ಬರುತ್ತದೆ. ಮುದ್ದೆ ನಾನೇ ತಿರುವುತ್ತೇನೆ, ಗಂಟಾಗುತ್ತದೆ. ಪಕ್ಕದ ಮನೆ ಅಮ್ಮಯಮ್ಮ ಸಾರು ತಂದುಕೊಟ್ಟು, “ಇದ್ನ ಮುದ್ದೆ ಅಂತಾರಾ, ನಾಯಿಗೆ ಹೊಡ್ಯೋ ಕಲ್ಲು ಅಂತಾರೆ” ಎಂದು ಬೈದು ಹೋಗುತ್ತಾಳೆ. ನಿನ್ನ ದೊಡ್ಡಮ್ಮ ಹೋದ ಮೇಲೆ ನನ್ನನ್ನು ಬೈಯಲು ಒಬ್ಬರಾದರೂ ಇದ್ದಾರಲ್ಲ.

ನೀನು ಮಾಡಿಸಿದ ನೀರಿನ ಘಟಕ ಚೆನ್ನಾಗಿ ನಡೆಯುತ್ತಿದೆ. ಸ್ಕೂಲಿಗೆ ಎರಡು ರೂಮು ಬಂದವು, ರಸ್ತೆಗೆ ಡಾಂಬರು ಬಂತು. ಇದನ್ನು ಮೊದಲೇ ಬರೆಯುತ್ತಿದ್ದೇನೆ, ಮುಂದೆ ಬರೆಯುವುದನ್ನು ಓದಿ ದೊಡ್ಡಪ್ಪನಿಗೆ ಕೃತಜ್ಞತೆಯಿಲ್ಲ ಎಂದುಕೊಳ್ಳಬೇಡ.

ಫೆಬ್ರವರಿಯಲ್ಲಿ ಪಂಚಾಯ್ತಿ ಅಧ್ಯಕ್ಷ ಕೆಂಪರಾಜ್ ಮನೆಗೆ ಬಂದದ್ದು ನಿನಗೆ ಗೊತ್ತಿರಬಹುದು. ಜಗಲಿ ಮೇಲೆ ಕೂತು ತಗ್ಗಿದ ದನಿಯಲ್ಲಿ ಹೇಳಿದ: “ಅಪ್ಪಯ್ಯಣ್ಣ, ಎಂಪಿ ಆದೋರು ಆದರ್ಶ ಗ್ರಾಮಕ್ಕೆ ಸ್ವಂತ ಊರನ್ನ ತಗೊಳ್ಳಂಗಿಲ್ಲ. ರೂಲ್ ಐತೆ. ಆದ್ರೆ ನವೀನಂದು ದಾಖಲೇಲೆಲ್ಲ ಅನುಗೊಂಡನಹಳ್ಳಿ, ಅವ್ರಪ್ಪನ ಊರು. ಅವ್ನು ಇಲ್ಲಿ ಬೆಳ್ದ ಅಂತ ಯಾರೂ ಎತ್ತಾಡ್ದಿದ್ರೆ ನಮ್ಗೇ ಸಿಗ್ತದೆ. ಬಾಯಿ ಮುಚ್ಕೊಂಡಿದ್ರೆ ಸಾಕು.”

ಅವನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ನೀನು ಹುಟ್ಟಿದ್ದು ಅಲ್ಲೇ. ನಿನ್ನಮ್ಮ ತೀರಿಕೊಂಡು, ನಿಮ್ಮಪ್ಪ ಇನ್ನೊಂದು ಮದುವೆ ಮಾಡಿಕೊಂಡಾಗ ನಿನಗಿನ್ನೂ ಮೂರು ತುಂಬಿರಲಿಲ್ಲ. ನಿನ್ನ ದೊಡ್ಡಮ್ಮ ಶಶಿರೇಖಾ ಒಬ್ಬಳೇ ಹೋಗಿ, ತಂಗಿಯ ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೊಸಕೋಟೆ ಬಸ್ಸು ಹತ್ತಿ ಬಂದಳು. ಹಾಗೆ ಬಂದ ನೀನು ನಮ್ಮ ಮನೆಯಲ್ಲೇ ಓದಿ, ಡೇರಿ ಸಂಘಕ್ಕೆ ನಿಂತು ಗೆದ್ದೆ, ತಾಲ್ಲೂಕು ಪಂಚಾಯ್ತಿಗೆ ಹೋದೆ, ಅಸೆಂಬ್ಲಿಗೆ ನಿಂತು ಸೋತೆ, ಆಮೇಲೆ ಯಾರೂ ಎಣಿಸದೆ ಇದ್ದಾಗ ಲೋಕಸಭೆಗೆ ಹೋಗಿ ಕೂತೆ. ಪಾರ್ಲಿಮೆಂಟು ಎಲ್ಲವನ್ನೂ ಮಾಡಬಲ್ಲದು, ಒಂದನ್ನು ಬಿಟ್ಟು, ಎಂದು ನಮ್ಮ ಪೊಲಿಟಿಕಲ್ ಸೈನ್ಸ್ ಮೇಷ್ಟ್ರು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಆ ಒಂದು ಯಾವುದೋ ಮರೆತುಹೋಗಿದೆ. ಇರಲಿ. ಊರಿಗೆ ಒಳ್ಳೆಯದಾಗುತ್ತದಲ್ಲ, ಇನ್ ಪಬ್ಲಿಕ್ ಇಂಟರೆಸ್ಟ್, ಎಂದು ನಾನೂ ಹೂಂ ಅಂದೆ.

ಕೆಂಪರಾಜ್ ಅಷ್ಟಕ್ಕೇ ಬಿಡಲಿಲ್ಲ. ಮನೆಮನೆಗೆ ಹೋಗಿ ಎಲ್ಲರ ಮೊಬೈಲಿನಲ್ಲಿದ್ದ ಫೋಟೋ ಅಳಿಸಿದ. ಯಾವ ಫೋಟೋ ಅಂದರೆ, ನಿನ್ನ ದೊಡ್ಡಮ್ಮನ ಮಣ್ಣಿನ ದಿನದ್ದು, ನೀನು ಚಟ್ಟಕ್ಕೆ ಹೆಗಲು ಕೊಟ್ಟದ್ದು. ನನ್ನ ಮೊಬೈಲನ್ನೂ ಇಸಿದುಕೊಂಡ. ಆಮೇಲೆ ಡೇರಿ ಮುಂದೆ ಹೆಂಗಸರನ್ನೆಲ್ಲ ಸೇರಿಸಿ, ನಿನ್ನನ್ನು ಹೇಗೆ ಕರೆಯಬೇಕೆಂದು ಪಾಠ ಹೇಳಿದ.

“ಗುಂಡ ಅನ್ನಂಗಿಲ್ಲ. ಸಾರ್ ಅನ್ಬೇಕು.”

ಅಮ್ಮಯಮ್ಮ ಬಿಡಲಿಲ್ಲ. “ಅವ್ನ ಕುಂಡೆ ತೊಳ್ದಿವ್ನಿ ಕಣ್ಲಾ ನಾನು. ನಾನ್ಯಾಕ್ ಸಾರ್ ಅನ್ಲಿ?”

“ನೀರು ಬರೋಗಂಟ ಅನ್ನು ಅಜ್ಜಿ.”

“ಬಂದ್ಮೇಲೆ?”

“ಬಂದ್ಮೇಲೆ ಏನಾದ್ರೂ ಅನ್ಕೋ, ಕುಡ್ದು ಕುಡ್ದು ಅನ್ಕೋ.”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಗೌರಿ ಹಬ್ಬಕ್ಕೆ ಮುಂಚಿನ ಭಾನುವಾರ ಉದ್ಘಾಟನೆಗೆ ನೀನು ಬಂದೆ. ಹಿರಿಯ ನಾಗರಿಕರು ಎಂದು ನನ್ನನ್ನು ವೇದಿಕೆ ಹತ್ತಿಸಿ ಸಾಲಿನಲ್ಲಿ ನಿಲ್ಲಿಸಿದ್ದರು. ಈ ಊರಿಗೂ ನನಗೂ ಯಾವ ನಂಟೂ ಇಲ್ಲ, ಅದಕ್ಕೇ ಆರಿಸಿಕೊಂಡೆ ಎಂದು ನೀನು ಮೈಕಿನಲ್ಲಿ ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ಮೊದಲ ಕ್ಯಾನ್ ತುಂಬಿಸಿಕೊಂಡು ನನ್ನ ಮುಂದೆ ಬಂದು ಕೈ ಮುಗಿದು, “ತಮ್ಮ ಹೆಸರೇನು, ಯಜಮಾನ್ರೇ?” ಎಂದೆ.

“ಅಪ್ಪಯ್ಯಣ್ಣ, ಸಾರ್” ಎಂದೆ ನಾನು.

“ಆರೋಗ್ಯ ನೋಡ್ಕೊಳ್ಳಿ” ಎಂದು ನೀನು ಕ್ಯಾನ್ ಕೈಗಿಟ್ಟು, ಕ್ಯಾಮೆರಾ ಕಡೆ ತಿರುಗಿ, ಪಕ್ಕದವರ ಹತ್ತಿರ ಹೋದೆ. ನಾನು ಇಳಿದು ಬಂದಾಗ ಅಮ್ಮಯಮ್ಮ ಕಿವಿಯಲ್ಲಿ, “ಏನ್ ಚೆಂದಾಗಿ ಆಡ್ದ ಕಣಪ್ಪಾ, ಬಣ್ಣ ಒಂದು ಹಚ್ಚಿರ್ಲಿಲ್ಲ” ಎಂದಳು. ಹಿಂದಿರುಗುವಾಗ ನಿನ್ನ ಕಾರು ನಮ್ಮ ಹೊಲದ ಹತ್ತಿರ, ನಿನ್ನ ದೊಡ್ಡಮ್ಮನ ಸಮಾಧಿ ಇರುವಲ್ಲಿ, ನಿಧಾನವಾಯಿತು. ಇಳಿಯುತ್ತೀಯೆಂದು, ಮೊದಲೇ ಹೋಗಿ ಅಲ್ಲಿ ಕೂತಿದ್ದ ನಾನು ಎದ್ದು ನಿಂತೆ. ಅಲ್ಲಿ ಹೊಸದಾಗಿ ಹಂಪ್ ಹಾಕಿದ್ದಾರೆ ಎಂಬುದು ಆಮೇಲೆ ನೆನಪಾಯಿತು.

ಈಗ ವಿಷಯಕ್ಕೆ ಬರುತ್ತೇನೆ. ಇಪ್ಪತ್ತೊಂದನೇ ತಾರೀಕು ಮಹಾಲಯ ಅಮಾವಾಸ್ಯೆ. ಅವಳು ಹೋದ ಮೇಲೆ ಹಿರಿಯರ ಸಾಲಿನಲ್ಲಿ ಅವಳಿಗೆ ಮೊದಲ ಎಡೆ. ಆನಂದ್ ಫೋನ್ ಮಾಡಿದ್ದ. “ಸಾರ್, ಆದರ್ಶ ಗ್ರಾಮದ ಬಗ್ಗೆ ಯಾರೋ ಮಾಹಿತಿ ಹಕ್ಕಲ್ಲಿ ಅರ್ಜಿ ಹಾಕಿದ್ದಾರೆ. ಈಗ ಸಾರ್ ಊರಿಗೆ ಪ್ರೈವೇಟಾಗಿ ಬಂದ್ರೆ ಸುಮ್ನೆ ಇಶ್ಯೂ ಆಗುತ್ತೆ. ಎಡೆ ಬೆಂಗ್ಳೂರಲ್ಲೇ ಇಡೋಣ. ಅಮ್ಮನ ಫೋಟೋ ತಗೊಂಡು ನೀವೇ ಬಂದ್ಬಿಡಿ, ಗಾಡಿ ಕಳಿಸ್ತೀನಿ.” ನಿನ್ನನ್ನು ಕೇಳಿಯೇ ಹೇಳಿದನಂತೆ.

ನನ್ನ ಉತ್ತರ ಇಷ್ಟು: ನಾನು ಬರುವುದಿಲ್ಲ, ಫೋಟೋ ಕೊಟ್ಟು ಕಳಿಸುವುದೂ ಇಲ್ಲ. ಅವಳು ಮಲಗಿರುವ ಮಣ್ಣು ಇಲ್ಲಿದೆ. ಹಸಿರು ಸೀರೆ ತಂದಿಟ್ಟಿದ್ದೇನೆ, ಅಮ್ಮಯಮ್ಮ ಕೋಳಿಸಾರು ಮಾಡಿಕೊಡುತ್ತಾಳೆ. ನಮಗೆ ಬೇರೆ ಮಕ್ಕಳಿಲ್ಲ. ಗಂಡ ಹೆಂಡತಿಗೆ ಧೂಪ ಹಾಕಬಾರದೆಂದೇನೂ ಇಲ್ಲ, ಹಾಕುತ್ತೇನೆ. ಆದರೆ ಅವಳು ಕಾಯುವುದು ನನ್ನನ್ನಲ್ಲ.

ನಿನ್ನ ಹುದ್ದೆಗೆ ಕುಂದು ಬರಲಿ ಎಂದು ನಾನು ಬಯಸುವವನಲ್ಲ. ಅರ್ಜಿ ಹಾಕಿದವನು ಬಂದು ನನ್ನನ್ನು ಕೇಳಿದರೆ ದಾಖಲೆಯಲ್ಲಿರುವುದನ್ನೇ ಹೇಳುತ್ತೇನೆ, ಆ ಬಗ್ಗೆ ಚಿಂತೆ ಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ಟಿವಿಯಲ್ಲಿ ನೋಡಿದಾಗ ಕಣ್ಣಿನ ಕೆಳಗೆ ಕಪ್ಪಾಗಿತ್ತು. ದೇವರು ನಿನಗೆ ಆಯಸ್ಸು, ಹೆಸರು ಎರಡನ್ನೂ ಕೊಡಲಿ. ಘಾಟಿ ಸುಬ್ಬಪ್ಪನಿಗೆ ನಿನ್ನ ಹೆಸರಿನಲ್ಲಿ ಅರ್ಚನೆ ಮಾಡಿಸಿದ್ದೇನೆ, ಕುಂಕುಮ ಇದರ ಜೊತೆಗಿದೆ.

ಇಂತಿ ನಿನ್ನ ದೊಡ್ಡಪ್ಪ,
ಅಪ್ಪಯ್ಯಣ್ಣ

ಮರೆತಿದ್ದು: ಚಿಕ್ಕವನಿದ್ದಾಗ ಸುಳ್ಳು ಹೇಳುವಾಗಲೆಲ್ಲ ನೀನು ಒಂದು ಕಾಲಿನ ಪಾದವನ್ನು ಇನ್ನೊಂದು ಕಾಲಿಗೆ ಉಜ್ಜುತ್ತಿದ್ದೆ. ಬೆಲ್ಲ ಕದ್ದಾಗಲೂ ಅಷ್ಟೆ, ಅಸೆಂಬ್ಲಿ ಸೋತು ಬಂದು ಬಾಗಿಲಲ್ಲಿ ನಿಂತು, ನಂಗೇನೂ ಬೇಜಾರಿಲ್ಲಮ್ಮ, ಎಂದಾಗಲೂ ಅಷ್ಟೆ. ಅದಕ್ಕೇ ನಿನ್ನ ದೊಡ್ಡಮ್ಮ ನಿನ್ನ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದಳು. ವೇದಿಕೆಯ ಮೇಲೆ ನೀನು ನನ್ನ ಹೆಸರು ಕೇಳಿದಾಗ ನಾನೂ ಕೆಳಗೆ ನೋಡಿದೆ. ಎರಡು ಬೂಟೂ ಹಲಗೆಯ ಮೇಲೆ ಅಲುಗದೆ ನಿಂತಿದ್ದವು. ನೀನು ಆಡಿದ್ದು ನಾಟಕ ಎಂದೇ ಊರು ನಂಬಿದೆ, ನಾನು ಯಾರಿಗೂ ಏನೂ ಹೇಳಿಲ್ಲ. ಎಡೆ ಇಡುವ ಜಾಗಕ್ಕೆ ಬರಿಗಾಲಲ್ಲಿ ಬರಬೇಕು. ಬಾ ಗುಂಡ. ಬಂದು ನನ್ನ ಹೆಸರನ್ನು ಇನ್ನೊಂದು ಸಲ ಕೇಳು.