ಎಡಗೈ ಗಂಟು

ಪ್ರೀತಿಯ ಅಕ್ಕನಿಗೆ,

ಕೆಮ್ಮು ವಾಸಿಯಾಗಿದೆ. ಈ ವರ್ಷ ಏನೇನು ಓದಿದೆ ಅಂತ ಕೇಳಿದ್ದೆಯಲ್ಲ, ಈ ಲೈಬ್ರರಿಯಲ್ಲಿ ಬೈಂಡಿಂಗ್ ಕಿತ್ತುಹೋಗಿ ನನ್ನ ಮೇಜಿಗೆ ಬಂದವನ್ನೇ ಓದಿದೆ. ಒಂದು ಹಡಗಿನ ಕಥೆ, ಒಂದು ಜೇನು ಸಾಕಣೆ, ಕೊನೆಯ ಪುಟಗಳಿಲ್ಲದ ಒಂದು ಪತ್ತೇದಾರಿ. ಕೊಲೆ ಮಾಡಿದವರು ಯಾರೋ ದೇವರೇ ಬಲ್ಲ. ನನ್ನ ವರ್ಷವೂ ಹಾಗೇ ಅರ್ಧಂಬರ್ಧ ಮುಗಿಯಿತು.

ಆದರೆ ಮೂರೂ ಪುಸ್ತಕಗಳ ಬೆನ್ನು ಬಿಚ್ಚಿದಾಗಲೂ ಒಳಗೆ ಹಳೆಯ ಹೊಲಿಗೆಯ ಕೊನೆಗೆ ಎಡಗೈ ಗಂಟು ಸಿಕ್ಕಿತು, ಅಪ್ಪ ನಮ್ಮಿಬ್ಬರಿಗೆ ಮಾತ್ರ ಕಲಿಸಿದ್ದು. ಅಪ್ಪ ನಮ್ಮೂರು ಬಿಟ್ಟು ಬೈಂಡಿಂಗ್ ಕೆಲಸಕ್ಕೆ ಬೇರೆಲ್ಲೂ ಹೋದವರೇ ಅಲ್ಲ. ಇನ್ಯಾರಿಗೋ ಹೊಳೆದಿರಬಹುದು ಅಂತ ಸುಮ್ಮನಾದೆ.

ಇವತ್ತು ಬೆಳಿಗ್ಗೆ ನಾಲ್ಕನೆಯದನ್ನು ಬಿಚ್ಚಿದೆ. ಅದೇ ಗಂಟು, ಅದರ ಮೇಲಿನ ಮೈದಾ ಅಂಟು ಇನ್ನೂ ಹಸಿ. ರಾತ್ರಿ ನನ್ನ ಮೇಜಿನ ಹತ್ತಿರ ಯಾರು ಬಂದಿದ್ದರು ಅಂತ ಕೇಳಿದೆ. "ಬೈಂಡಿಂಗ್ ಕೋಣೆಯ ಬೀಗದ ಕೈ ನಿಮ್ಮ ಹತ್ತಿರ ಮಾತ್ರ ಇರೋದು," ಅಂದರು ಲೈಬ್ರರಿಯನ್. ಅಪ್ಪ ತೀರಿಕೊಂಡು ಆರು ವರ್ಷ ಆಯಿತಲ್ಲ, ಅಕ್ಕ?

ವರ್ಷದ ಕೊನೆಗೆ ಬರುತ್ತೇನೆ ಅಂದಿದ್ದೆ, ಬರಲ್ಲ. ರಜೆ ಸಿಗಲಿಲ್ಲ ಅಂತ ಅಮ್ಮನಿಗೆ ಹೇಳು. ಪೋಸ್ಟ್‌ಮ್ಯಾನ್ ಓದಿದರೆ ಓದಲಿ, ಈ ಕಾರ್ಡು ಮಾತ್ರ ಅಮ್ಮನ ಕೈಗೆ ಸಿಗದಿರಲಿ.

ಸಂಜೆ ಹೊರಡುವಾಗ ಸೂಜಿಗೆ ದಾರ ಪೋಣಿಸಿ ಮೇಜಿನ ಮೇಲೆ ಇಟ್ಟು ಬರುತ್ತೇನೆ. ಅಪ್ಪನಿಗೆ ಸೂಜಿಯ ಕಣ್ಣು ಕಾಣುತ್ತಿರಲಿಲ್ಲವಲ್ಲ.

ನಿನ್ನ ತಂಗಿ