ಎರಡನೇ ಬ್ರೇಕು

ಡ್ರೈವಿಂಗ್ ಸ್ಕೂಲಿನ ಆಫೀಸಿನಿಂದ,
ಮಾರ್ಚ್ ೧೪

ಪ್ರೀತಿಯ ತಂಗೀ,

ಮೊಣಕಾಲು ನೋವು ಹೇಗಿದೆ? ಮೆಟ್ಟಿಲು ಹತ್ತಬೇಡವೆಂದರೆ ಕೇಳುವ ಪೈಕಿಯವಳಲ್ಲ ನೀನು. ಮೊದಲು ಖರ್ಚು ಒಪ್ಪಿಸುತ್ತೇನೆ. ನಿನ್ನ ಮಗಳಿಗೆ ಗಾಡಿ ಕಲಿಸಿದ್ದಕ್ಕೆ ಈವರೆಗೆ ಒಂದು ಪಕ್ಕದ ಕನ್ನಡಿ, ಒಂದು ಟೈರು, ಎದುರುಮನೆಯಾಕೆಯ ಗುಲಾಬಿ ಗಿಡ, ನನ್ನ ಗಂಟಲು. ಮನೆಮನೆಗೆ ಹೋಗಿ ರೋಗಿಗಳ ರಕ್ತ ತೆಗೆದು ತರುವ ಕೆಲಸ ಅವಳಿಗೆ ಸಿಕ್ಕಿದೆ, ಒಂದನೇ ತಾರೀಖು ಗಾಡಿ ಸಮೇತ ಹಾಜರಾಗಬೇಕು. ನೀನೋ, ನಿನ್ನ ಕಾರಿನ ಕೀ ನನ್ನ ಕೈಲಿಟ್ಟು, “ನಿನಗೆ ಧೈರ್ಯ ಬಂದ್ರೆ ಮಾತ್ರ ಕೊಡು ಅಣ್ಣ” ಎಂದು ಊರು ಬಿಟ್ಟೆ.

ಓಡಿಸುವುದನ್ನು ನೀರು ಕುಡಿದಷ್ಟು ಸಲೀಸಾಗಿ ಕಲಿತಳು. ಗೋಳೆಲ್ಲ ಆಪತ್ತಿನ ಪಾಠದ್ದು. ನಮ್ಮ ಸ್ಕೂಲಿನ ಗಾಡಿಯಲ್ಲಿ ಕಲಿಸುವವನ ಕಾಲಬುಡದಲ್ಲೂ ಒಂದು ಬ್ರೇಕು ಇರುತ್ತದಲ್ಲ, ಅದೇ ಶನಿ. ಖಾಲಿ ಮೈದಾನದಲ್ಲಿ, ಬ್ರೇಕು ಹೋಯಿತು ಅಂದುಕೋ, ಏನು ಮಾಡುತ್ತೀ ಎಂದರೆ ಎರಡೂ ಕಾಲು ಮೇಲೆತ್ತಿ ನನ್ನ ಮುಖ ನೋಡುವಳು. “ನೀವಿದ್ದೀರಲ್ಲ ಮಾವ.” ರೋಗಿಯ ಮನೆಗೆಲ್ಲ ಮಾವನನ್ನು ಕಟ್ಟಿಕೊಂಡು ಹೋಗುತ್ತೀಯೇನೇ ಎಂದು ಬೈದು, ಮೆಕ್ಯಾನಿಕ್ಕಿಗೆ ಹೇಳಿ ನನ್ನ ಬ್ರೇಕನ್ನೇ ಕೀಳಿಸಿದೆ. ತಲೆ ನೆಟ್ಟಗಿದೆಯಾ ಎಂದು ಕೇಳಿದ. ಕೂಲಿ ಮಾತ್ರ ಬಿಡಲಿಲ್ಲ.

ಆಮೇಲೆ ದಿನವೂ ಅದೇ ಮಂತ್ರ. ಪೆಡಲು ಮತ್ತೆ ಮತ್ತೆ ತುಳಿ, ಗೇರು ಒಂದೊಂದೇ ಇಳಿಸು, ಹ್ಯಾಂಡ್‌ಬ್ರೇಕು ಮೆಲ್ಲಗೆ ಎಳೆ, ಇಂಜಿನ್ ಆರಿಸಬೇಡ. ಅವಳು ಆಕಳಿಸುತ್ತಿದ್ದಳು. ಗೋಡೆಗೆ ಹೇಳಿದ್ದರೆ ಅದಾದರೂ ತಲೆಯಾಡಿಸುತ್ತಿತ್ತು.

ಮೊನ್ನೆ ನೀರಿನ ಟ್ಯಾಂಕಿನ ಇಳಿಜಾರಿನಲ್ಲಿ ಬ್ರೇಕಿನ ಎಣ್ಣೆ ಸೋರಿ, ನಿಜವಾಗಿಯೂ ಪೆಡಲು ತಳ ಕಂಡಿತು. ಕೆಳಗೆ ಶಾಲೆ ಬಿಟ್ಟ ಮಕ್ಕಳು ರಸ್ತೆ ದಾಟುತ್ತಿದ್ದರು. ಮಂತ್ರವೆಲ್ಲ ನನಗೇ ಮರೆತು, ಇಲ್ಲದ ಬ್ರೇಕಿಗೆ ಎರಡೂ ಕಾಲಲ್ಲಿ ನೆಲ ಒದೆಯತೊಡಗಿದೆ. ಇವಳು ಬಿಡದೆ ಹಾರ್ನ್ ಒತ್ತುತ್ತ ಗೇರು ಇಳಿಸಿದಳು.

“ಮಾವ, ಸುಮ್ನೆ ಕೂತ್ಕೊಳ್ಳಿ. ಅಲ್ಲೇನೂ ಇಲ್ಲ.”

ಹ್ಯಾಂಡ್‌ಬ್ರೇಕು ಮೆಲ್ಲಗೆ, ನಾನು ಹೇಳಿದಷ್ಟೇ ಮೆಲ್ಲಗೆ ಎಳೆದಳು. ಗಾಡಿ ಮಕ್ಕಳಿಗಿಂತ ಎಷ್ಟೋ ಮೇಲೆಯೇ, ರಸ್ತೆಬದಿಯ ಮಣ್ಣುಗುಡ್ಡೆಗೆ ಒರಗಿ ನಿಂತಿತು. ಆಮೇಲೆ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟಳು.

ಸಾಕು, ಗಿರಾಕಿ ಬಂದರು. ಮೆಟ್ಟಿಲ ಕಡೆ ತಲೆ ಹಾಕಬೇಡ, ಚೆನ್ನಾಗಿರು.

ನಿನ್ನ ಅಣ್ಣ

ಮರೆತಿದ್ದೆ: ಕೀ ಇವತ್ತು ಬೆಳಿಗ್ಗೆ ಕೊಟ್ಟುಬಿಟ್ಟೆ. ಲೆಕ್ಕ ಇಷ್ಟು. ಅವಳಿಗೆ ಕೆಲಸ. ಮೆಕ್ಯಾನಿಕ್ಕಿಗೆ ನನ್ನ ಬ್ರೇಕು ಕಿತ್ತದ್ದಕ್ಕೊಂದು, ಮತ್ತೆ ಕೂರಿಸಿದ್ದಕ್ಕೊಂದು ಕೂಲಿ. ನಿನಗೆ ನಿದ್ದೆ. ನನಗೆ, ಸುಮ್ಮನೆ ಕೂರುವುದು ಬಂತು.