ಜ್ವರ ಬಿಟ್ಟ ನಂತರದ ಪುಟ

ಬೆಳಗಾವಿ, ಮಂಗಳವಾರ

ಮಾನ್ಯ ಮಧುಕರ ಸರ್ ಅವರಿಗೆ,

ನಿಮ್ಮನ್ನು ಕೇಳದೆ ಒಂದು ಕೆಲಸ ಮಾಡಿದ್ದೇನೆ. ಬೇರೆಯವರಿಂದ ತಿಳಿಯುವ ಮೊದಲು ನಾನೇ ಹೇಳುತ್ತೇನೆ.

ನಿನ್ನೆ ಕಣಕುಂಬಿಯ ಆರೋಗ್ಯ ಕೇಂದ್ರದಿಂದ ಡಾ. ಮುಗ್ಧಾ ಫೋನ್ ಮಾಡಿದ್ದರು. ನಮ್ಮ ಕಾಡುಜ್ವರದ ಅಧ್ಯಯನಕ್ಕೆ ರಕ್ತ ಕೊಟ್ಟಿದ್ದ ಗಂಗೂಬಾಯಿಯ ಸೊಸೆಗೆ ಜ್ವರ ಬಿಟ್ಟು ಹತ್ತು ದಿನವಾಗಿತ್ತು. ಈಗ ಮಾತು ತೊದಲುತ್ತಿದೆ ಎಂದರು. "ಪತ್ರಿಕೆಯ ಜಾಲತಾಣದಾಗ ನಿಮ್ಮ ಪ್ರಬಂಧ ತೆರದ್ರ ಚಂದಾದಾರರಿಗಷ್ಟ ಅಂತ ಬರಾಕತ್ತೈತ್ರಿ. ಒಳಗ ಏನೈತಿ, ಲಗೂನ ಹೇಳ್ರಿ."

ಜ್ವರ ಬಿಟ್ಟ ಎರಡನೇ ವಾರ ಕಾಯಿಲೆ ಮಿದುಳಿಗೆ ಏರಬಹುದೆಂಬ ಪುಟವನ್ನು ಫೋನಿನಲ್ಲೇ ಓದಿದೆ. ಕೂಡಲೇ ಆಕೆಯನ್ನು ಬೆಳಗಾವಿಯ ಆಸ್ಪತ್ರೆಗೆ ತಂದರು. ಇಂದು ವಾರ್ಡಿನಲ್ಲಿ ಗಂಗೂಬಾಯಿ ಕೇಳಿದರು: "ನಮ್ಮ ರಗತಾ ನೋಡಿ ಬರ್ದದ್ದು ನಮ್ಮ ಡಾಕ್ಟರಿಗೇ ಯಾಕ ಸಿಗಲಿಲ್ಲವ್ವಾ?"

ಸರ್ಕಾರದ ಅನುದಾನದ ಷರತ್ತಿನಂತೆ ಪ್ರಬಂಧವನ್ನು ಎಲ್ಲರೂ ಓದಬಹುದಾದ ಜಾಲತಾಣಕ್ಕೆ ಹಾಕಬೇಕಿತ್ತು. ಪ್ರಬಂಧ ಪ್ರಕಟಿಸಿದ ಪತ್ರಿಕೆಯವರು ಬೇಸರಪಟ್ಟಾರೆಂದು ನೀವು ತಡೆದಿರಿ. ಇಂದು ಮಧ್ಯಾಹ್ನ ನಾನೇ ಆ ತಾಣಕ್ಕೆ ಕಳಿಸಿದೆ. ನನ್ನ ಪಿಎಚ್.ಡಿ. ನಿಮ್ಮ ಕೈಯಲ್ಲಿದೆ ಎಂಬುದು ನೆನಪಿದೆ.

ಅಲ್ಲಿ ಅದು ಎಲ್ಲರಿಗೂ ತೆರೆದುಕೊಳ್ಳಲು ಮಾರ್ಗದರ್ಶಕರಾದ ನಿಮ್ಮ ಸಹಿ ಬೇಕು. ಅರ್ಜಿಯನ್ನು ಈ ಪತ್ರದ ಜೊತೆ ನಿಮ್ಮ ಮೇಜಿನ ಮೇಲಿಟ್ಟಿದ್ದೇನೆ. ನನ್ನ ಮೇಲೆ ಸಿಟ್ಟಿದ್ದರೆ ಆಮೇಲೆ ಮಾತಾಡೋಣ, ಸಹಿ ಮಾತ್ರ ಇಂದೇ ಹಾಕಿ. ರಾತ್ರಿ ಪ್ರಜ್ಞೆ ತಪ್ಪಿದ ಸೊಸೆ ಇನ್ನೂ ಕಣ್ಣು ಬಿಟ್ಟಿಲ್ಲ. ಕಣಕುಂಬಿಯಲ್ಲಿ ಮತ್ತಿಬ್ಬರಿಗೆ ನಿನ್ನೆಯಷ್ಟೇ ಜ್ವರ ಬಿಟ್ಟಿದೆಯಂತೆ.

ನಿಮ್ಮ ವಿದ್ಯಾರ್ಥಿನಿ,
ರಸಿಕಾ